ಪಕ್ಕದ ಹಾಸಿಗೆಯ ಮುನಿಯಮ್ಮ

ಮಂಗಳವಾರ ಬೆಳಿಗ್ಗೆ ಅರಸೀಕೆರೆಯ ಡಯಾಲಿಸಿಸ್ ಕೋಣೆಯಲ್ಲಿ ಯಂತ್ರ ಸಿದ್ಧಮಾಡುತ್ತಿದ್ದ ಟೆಕ್ನಿಷಿಯನ್ ಶಿಲ್ಪಶ್ರೀಗೆ ಗಂಡಸಿ ಊರಿನಿಂದ ಫೋನ್ ಬಂತು. ವಾರಕ್ಕೆ ಮೂರು ಸಲ ಬರುತ್ತಿದ್ದ ಮುನಿಯಮ್ಮ ನಿನ್ನೆ ಮಧ್ಯಾಹ್ನ ರಾಗಿ ಕೇರುತ್ತಾ ಕುಸಿದು, ಹಾಗೇ ಹೋಗಿಬಿಟ್ಟಿದ್ದಳು. ಉಳಿದವರು ಹೆದರಿಯಾರೆಂದು ಶಿಲ್ಪಶ್ರೀ ಯಾರಿಗೂ ಹೇಳಲಿಲ್ಲ.

ಕಣಕಟ್ಟೆಯ ಷಡಕ್ಷರಪ್ಪ ಹೆಂಡತಿ ಬಸಮ್ಮನೊಂದಿಗೆ ನಗುತ್ತಲೇ ಬಂದು ತಮ್ಮ ಹಾಸಿಗೆಯಲ್ಲಿ ಒರಗಿದರು. ಖಾಲಿ ಇದ್ದ ಪಕ್ಕದ ಹಾಸಿಗೆಯತ್ತ ನೋಡಿ, "ಮುನಿಯಮ್ಮ ಆಗ್ಲೇ ಬಂದವ್ಳೆ. ಮೊದ್ಲು ಅವಳಿಗೇ ಮಿಷನ್ ಹಾಕವ್ವ" ಎಂದರು.

ಶಿಲ್ಪಶ್ರೀ ಖಾಲಿ ಹಾಸಿಗೆಯತ್ತ ತಿರುಗಿದಳು. "ಎಲ್ಲಿದ್ದಾರೆ?"

"ಅಕಾ, ಸೆರಗು ಹೊದ್ಕಂಡು ಕೂತವ್ಳಲ್ಲ. ಬಸ್ಸು ಬಂತು, ಏಳಿ ಅಂತಾವ್ಳೆ."

ಶಿಲ್ಪಶ್ರೀ ಷಡಕ್ಷರಪ್ಪನವರ ಮಣಿಕಟ್ಟು ಹಿಡಿದಳು. ನಾಡಿ ಒಮ್ಮೆ ಬಡಿದು ನಿಂತಿತು. ಎಷ್ಟೋ ಹೊತ್ತಿಗೆ ಇನ್ನೊಂದು ಬಡಿತ. ಇಸಿಜಿ ಹಚ್ಚಿದರೆ ಗೆರೆಗಳು ಸೂಜಿಯಂತೆ ಚೂಪಾಗಿ ಎದ್ದಿದ್ದವು. ರಕ್ತ ಪರೀಕ್ಷಿಸಿದರೆ, ಐದು ದಾಟಬಾರದ ಪೊಟ್ಯಾಸಿಯಂ ಏಳೂವರೆ! ಈ ಲೆಕ್ಕದಲ್ಲಿ ಗುಂಡಿಗೆ ಯಾವ ಕ್ಷಣದಲ್ಲಾದರೂ ನಿಲ್ಲಬಹುದಿತ್ತು. ಷಡಕ್ಷರಪ್ಪ ಮಾತ್ರ ನಗುತ್ತಿದ್ದರು.

"ಏನು ಕೊಟ್ರಿ ಅಮ್ಮಾ?"

ಬಸಮ್ಮ ಬಿಕ್ಕಿದಳು. "ಬಾಯಾರಿ ಸಾಯ್ತೀನಿ ಅಂದ್ರು ಕಣವ್ವ. ಭಾನುವಾರ ಎಲ್ಡು ಎಳನೀರು, ನಿನ್ನೆ ಎಲ್ಡು. ನಮ್ ತ್ವಾಟದ್ದೇ, ಏನಾದಾತು ಅನ್ಕಂಡೆ." ಎಳನೀರಿನ ತುಂಬ ಪೊಟ್ಯಾಸಿಯಂ; ಕೆಟ್ಟ ಮೂತ್ರಪಿಂಡ ಅದನ್ನು ಹೊರಹಾಕಲಾರದು.

"ಬತ್ತೀನಿ ಇರು" ಎಂದು ಷಡಕ್ಷರಪ್ಪ ಪಕ್ಕದ ಹಾಸಿಗೆಗೆ ಹೇಳಿ ಏಳಹೊರಟರು. ಶಿಲ್ಪಶ್ರೀ ಎರಡೂ ಭುಜ ಒತ್ತಿ ಹಿಡಿದು ಡಾಕ್ಟರನ್ನು ಕೂಗಿದಳು. ಡಾಕ್ಟರ್ ಉದಯಕುಮಾರ್ ಓಡಿಬಂದು ಕ್ಯಾಲ್ಸಿಯಂ ಇಂಜೆಕ್ಷನ್ ಕೊಟ್ಟರು. ಅವಳು ಸೂಜಿ ಚುಚ್ಚಿ ಯಂತ್ರ ಹಚ್ಚಿದಳು. ಗಂಟೆಯೊಳಗೆ ನಾಡಿ ಒಂದೇ ಸಮ ಬಡಿಯತೊಡಗಿತು.

ಷಡಕ್ಷರಪ್ಪ ಕಣ್ಣುಜ್ಜಿ ಪಕ್ಕಕ್ಕೆ ನೋಡಿದರು. "ಎಲ್ಲೋದ್ಲು?"

ಈಗ ಮುಚ್ಚಿಡಲಾಗಲಿಲ್ಲ. ಶಿಲ್ಪಶ್ರೀ ಹೇಳಿದಳು. ಅವರು ತಮ್ಮ ಅಂಗೈ ನೋಡಿಕೊಂಡರು. "ಪಾಪ, ನನ್ನ ಹಿಡ್ಕಂಡಿದ್ದ ಅವಳ ಕೈ ಎಷ್ಟು ತಣ್ಣಗಿತ್ತು" ಎಂದರು.

ರಕ್ತ ಕೆಟ್ಟಾಗ ಮಿದುಳು ಏನೇನೋ ತೋರಿಸುತ್ತದೆ ಎಂದು ಡಾಕ್ಟರ್ ಹೇಳಿದರು. ಶಿಲ್ಪಶ್ರೀ ತಲೆಯಾಡಿಸಿದಳು. ಆದರೆ ಭಾನುವಾರವೂ ಸೇರಿ ಎರಡು ದಿನ ಡಯಾಲಿಸಿಸ್‌ಗೆ ಬಿಡುವು ಬೀಳುವ ಸೋಮವಾರ ಬಂದರೆ ಈಗ ಅವಳು ಒಬ್ಬೊಬ್ಬ ರೋಗಿಗೂ ಫೋನ್ ಮಾಡುತ್ತಾಳೆ. ಎಳನೀರು, ಬಾಳೆಹಣ್ಣು ಮುಟ್ಟಿಲ್ಲ ತಾನೆ ಎಂದು ವಿಚಾರಿಸುತ್ತಾಳೆ. ಕೆಲವರು ರೇಗುತ್ತಾರೆ. ಫೋನ್ ಎತ್ತದವರಿಗೆ ಎತ್ತುವ ತನಕ ಮಾಡುತ್ತಾಳೆ.