ಸೆಲುವಾಯಾ ಬಿಡದ ಪದ

ಅರಸರಾಳುವ ಟೊಂಗಾ ದೇಶದ ವವಾವು ದ್ವೀಪದ ಶಾಲೆಯಲ್ಲಿ ಸೆಲುವಾಯಾ ಇಪ್ಪತ್ತು ವರ್ಷದಿಂದ ಚರಿತ್ರೆ ಕಲಿಸುತ್ತಿದ್ದಳು. ಸಮಾಜವಾದ, ಉದಾರವಾದ, ಅರಾಜಕತಾವಾದ ಇವೆಲ್ಲ ಮಕ್ಕಳ ಬಾಯಲ್ಲಿ ಇಂಗ್ಲಿಷಿನಲ್ಲೇ ಉರುಳುತ್ತಿದ್ದವು. ಅರ್ಥ ಕೇಳಿದರೆ ಮುಖ ಮುಖ ನೋಡಿಕೊಳ್ಳುತ್ತಿದ್ದರು. ಕೊನೆಗೆ ಅವಳೇ ಟೊಂಗಾ ನುಡಿಯಲ್ಲಿ ಪುಟ್ಟ ಪದಕೋಶ ಬರೆದಳು.

ಅದು ಅಚ್ಚಿಗೆ ಹೋಗುವ ಮುನ್ನ ತಮ್ಮ ಸೆಮಿಸಿ ಬಂದ. ಅವನು ವಂಶದಿಂದ ಬಂದ ಊರ ಒಡೆಯರ ಪರವಾಗಿ ಮಾತಾಡುವವನು, ಶಾಲಾ ಸಮಿತಿಯ ಅಧ್ಯಕ್ಷ ಬೇರೆ. ಅಕ್ಕ ಕೂತ ಕೋಣೆಗೆ ತಮ್ಮ ಕಾಲಿಡುವ ಪದ್ಧತಿಯಿಲ್ಲ. ಗೌರವಕ್ಕೆಂದು ಸೊಂಟಕ್ಕೆ ಸುತ್ತಿದ ಚಾಪೆ ಸರಿಪಡಿಸಿಕೊಳ್ಳುತ್ತ ಬಾಗಿಲಾಚೆಯೇ ನಿಂತ.

"ಅಕ್ಕಾ, ಆ ಗಣರಾಜ್ಯವಾದ ಅನ್ನೋ ಪದ ತೆಗೆದ್ಬಿಡು. 'ಹುಟ್ಟಿನಿಂದ ಯಾರೂ ಆಳುವವರಲ್ಲ ಎಂಬ ನಂಬಿಕೆ' ಅಂತ ಬರ್ದಿದೀಯ. ಒಡೆಯರಿಗೆ ನಾನೇನು ಹೇಳ್ಲಿ?"

"ಅರ್ಥ ಬರ್ದಿದೀನಿ ಕಣೋ, ದಂಗೆ ಏಳಿ ಅಂತ ಬರ್ದಿಲ್ಲ."

"ಹಾಗಾದ್ರೆ ಸಮಿತಿ ಮುಂದೆ ಇಡ್ತೀನಿ."

"ಇಡು."

ಮಧ್ಯಾಹ್ನ ಮರದ ತೊಗಟೆ ಬಡಿದು ಬಟ್ಟೆ ಮಾಡುತ್ತಿದ್ದ ಹೆಂಗಸರ ನಡುವೆ ಗೆಳತಿ ಒಫೇನಾ ನಕ್ಕಳು. "ಹುಚ್ಚಿ! ಅಕ್ಕನ ಮಾತು ಮೀರೋ ತಮ್ಮ ನಮ್ಮಲ್ಲಿದಾನೇನೆ? ಒಂದ್ಸಲ ಗದರು, ತೆಪ್ಪಗಾಗ್ತಾನೆ."

ತೊಗಟೆ ಬಡಿಯುತ್ತಿದ್ದ ಸೆಲುವಾಯಾಳ ಕೊಡತಿ ನಿಂತಿತು. ನಿಜವೇ. ಅಕ್ಕನ ಹಕ್ಕಿನಿಂದ ಸೆಮಿಸಿಯ ಮಗಳಿಗೆ ಹೆಸರಿಟ್ಟವಳೂ ಅವಳೇ.

"ಅಕ್ಕನಾಗಿ ಹುಟ್ಟಿದ್ದಕ್ಕೆ ನಾನು ಗೆದ್ರೆ ಆ ಪದಕ್ಕೇನು ಬೆಲೆ? ಬೇಡ. ಸಮಿತೀಲಿ ಕೈ ಎತ್ತಿಸ್ಲಿ."

ಸಮಿತಿಯ ಒಂಬತ್ತು ಜನ ಮಾವಿನ ಮರದಡಿ ಸೇರಿದರು. ಅವಳು ವಾದ ಮಂಡಿಸಿದಳು, ಅಕ್ಕನೆಂಬ ಮಾತೆತ್ತಲಿಲ್ಲ. ತೆಗೆಯಲು ಐದು ಕೈ, ಉಳಿಸಲು ನಾಲ್ಕು. ಸೆಲುವಾಯಾ ಎದ್ದು ನಿಂತಳು.

"ಒಪ್ಪಿದೆ. ಆದ್ರೆ ಬರೋ ವರ್ಷ ಮತ್ತೆ ಕೇಳ್ತೀನಿ."

ಪುಸ್ತಕ ಆ ಪದವಿಲ್ಲದೆಯೇ ಬಂತು. ಊರಿಗೆ ಬೇರೆ ಮಾತೇ ಇರಲಿಲ್ಲ. ಮೀನು ಕೊಳ್ಳುವಾಗ, ಚರ್ಚಿನಿಂದ ಬರುವಾಗ ಎಲ್ಲರ ಬಾಯಲ್ಲೂ ಗಣರಾಜ್ಯವಾದವೇ. ಮರುವರ್ಷ ಅವಳು ಮತ್ತೆ ಕೇಳಿ ಮತ್ತೆ ಸೋತಳು. ಮೂರನೆಯ ವರ್ಷ ಪದ ಸೇರಿಸಲು ಆರು ಕೈ ಎದ್ದವು. ಸೆಮಿಸಿಯ ಕೈ ಎದ್ದಿರಲಿಲ್ಲ. ಆದರೂ ಫಲಿತಾಂಶವನ್ನು ಅವನೇ ಗಟ್ಟಿಯಾಗಿ ಸಾರಿದ.

ಆಮೇಲೆ ದೂರದಿಂದಲೇ ಅಂದ: "ನಾನಂತೂ ಈಗ್ಲೂ ಒಪ್ಪಲ್ಲ, ಅಕ್ಕಾ. ಅರಸರು ಇರ್ಬೇಕು."

"ಇರ್ಲಿ ಬಿಡೋ. ಆ ನಂಬಿಕೆಗೂ ಹೆಸರಿದೆ, ಎರಡನೇ ಪುಟದಲ್ಲಿದೆ. ಅದನ್ನೂ ಯಾರಿಗೂ ತೆಗೆಯೋಕೆ ನಾನು ಬಿಡಲ್ಲ."

ಸೆಮಿಸಿಗೆ ನಗು ತಡೆಯಲಾಗಲಿಲ್ಲ. ಒಡೆಯರಿಗೆಂದು ಹೊಸ ಅಚ್ಚಿನ ಒಂದು ಪ್ರತಿ ಕೇಳಿದ.