ಫೋಟೊದಲ್ಲಿರುವ ಗ್ಲೌಸು

ತಮ್ಮನ ಕೆನ್ನೆ ಬೆಳ್ಳಗಾಗುತ್ತಿದೆ, ಮೌಸ್ ಒಂದು ಸಲ ಸವರಿದರೆ ಒಂದು ಪದರ ಬಿಸಿಲು ಹೋಗುತ್ತದೆ, ಕರೆಂಟು ಕಂಬ ಹತ್ತಿ ಹತ್ತಿ ಕಪ್ಪಾದ ನಿರಂಜನ ಮದುಮಗನ ಹಾಗೆ ಹೊಳೆಯುತ್ತಿದ್ದಾನೆ, ಸಾಕು, ಅವನ ಬಣ್ಣ ಅವನಿಗಿರಲಿ ಎಂದಳು ಯಶೋಧಾ, ಎಲ್ಲರಿಗೂ ಹಿಂಗೇ ಮಾಡೋದು ಅಕ್ಕ ಎಂದ ಫ್ಲೆಕ್ಸ್ ಅಂಗಡಿಯ ದೀಪಕ್ — ಎಲ್ಲರಿಗೂ ಮಾಡುತ್ತಾನೋ, ಇವನಿಗೂ ಯಾರಾದರೂ ಹೇಳಿಕೊಟ್ಟಿದ್ದಾರೋ, ನಾಳೆ ಹನ್ನೊಂದನೇ ದಿನದ ಕಾರ್ಯ, ಅಷ್ಟರೊಳಗೆ ಹೊಸನಗರದ ಸರ್ಕಲ್ಲಿನಲ್ಲಿ ಶ್ರದ್ಧಾಂಜಲಿ ಫ್ಲೆಕ್ಸ್ ನಿಲ್ಲಬೇಕು, ಖರ್ಚೆಲ್ಲ ನಂದು ಎಂದಿದ್ದಾರೆ ಗುತ್ತಿಗೆದಾರ ಮಂಜುನಾಥಪ್ಪ, ತೀರ್ಥಹಳ್ಳಿಯಿಂದ ಕಾರಿನಲ್ಲಿ ಬಂದು ಅವಳ ಕೈ ಹಿಡಿದು ಅತ್ತೂಬಿಟ್ಟರು, ಬದುಕಿದ್ದಾಗ ಏ ಹುಡ್ಗಾ ಎಂದಷ್ಟೇ ಕರೆಯುತ್ತಿದ್ದವರಿಗೆ ಅಷ್ಟು ಅಳು ಎಲ್ಲಿಂದ ಬಂತು, ಫೋಟೊವನ್ನೂ ಅವರೇ ಕಳಿಸಿದ್ದಾರೆ, ತಲೆಗೆ ಹೆಲ್ಮೆಟ್ಟು, ಮೊಣಕೈವರೆಗೆ ಕೆಂಪು ರಬ್ಬರ್ ಗ್ಲೌಸು, ಗ್ಲೌಸು — ಅವನೇ ನಗುತ್ತ ಹೇಳಿರಲಿಲ್ಲವೇ, ಒಂದೇ ಜೊತೆ ಕಣೇ ಅಕ್ಕ, ಹದಿನಾಲ್ಕು ಜನ ಸರದಿ ಮೇಲೆ ಹಾಕ್ಕೊಂಡು ಫೋಟೊ ತೆಗೆಸ್ಕೊಂಡ್ವಿ, ಫೈಲಿಗಂತೆ, ಬಾಡಿಗೆ ಪೇಟ ಇದ್ದಂಗೆ, ಅವಳೂ ನಕ್ಕಿದ್ದಳು, ಕಂಬ ಹತ್ತೋವಾಗ ಏನು ಹಾಕ್ಕೊಳ್ತೀಯೋ ಎಂದು ಕೇಳಲಿಲ್ಲ, ಸಾಗರದ ಆಸ್ಪತ್ರೆಯಲ್ಲಿ ಬಟ್ಟೆ ಸರಿಸಿದಾಗ ಬರಿ ಅಂಗೈ, ನಡುವೆ ಸುಟ್ಟ ತೂತು, ಬರೆಯೋದನ್ನೂ ಅವರೇ ಹೇಳಿದಾರೆ ಅಕ್ಕ, ಆಕಸ್ಮಿಕ ನಿಧನ ಅಂತ, ನೀವು ಹೂಂ ಅಂದ್ರೆ ಪ್ರಿಂಟಿಗೆ ಹಾಕ್ತೀನಿ ಎನ್ನುತ್ತಿದ್ದಾನೆ ದೀಪಕ್, ಆಕಸ್ಮಿಕ, ಚಿಕ್ಕಪ್ಪ ಶೇಷಪ್ಪನೂ ಅದನ್ನೇ ಹೇಳುತ್ತಾನೆ, ವಿಧಿ ಕಣೇ ಎನ್ನುತ್ತಿದ್ದವನು ಆ ಕಾರು ಬಂದುಹೋದ ಮೇಲೆ ಮಾತು ಬದಲಿಸಿದ್ದಾನೆ, ನಾಳೆ ಮಂಜುನಾಥಪ್ಪ ಫ್ಲೆಕ್ಸಿನ ಫೋಟೊ ತೆಗೆದು ಯಾವುದೋ ಕಚೇರಿಯ ಮೇಜಿನ ಮೇಲಿಡುತ್ತಾರೆ, ನೋಡಿ ಸ್ವಾಮಿ, ಗ್ಲೌಸು ಕೊಟ್ಟಿದ್ವಿ, ಮನೆಯವರೇ ಆಕಸ್ಮಿಕ ಅಂತ ಹಾಕಿಸಿದಾರೆ — ಓಹೋ, ಅದಕ್ಕೋ ಅಷ್ಟು ಅಳು, ಹಾಗಾದರೆ ಏನು ಬರೆಸಬೇಕು, ಚಿರಶಾಂತಿ, ಕಂಬನಿ, ಅಗಲಿಕೆ, ಎಲ್ಲ ಆ ಕಂಪ್ಯೂಟರಿನಲ್ಲಿ ಮೊದಲೇ ಇವೆ, ಯಾವ ಹೆಣಕ್ಕೂ ಹೊಂದುತ್ತವೆ, ಅವನಿಗೊಬ್ಬನಿಗೇ ಹೊಂದುವ ಮಾತು ಹತ್ತು ದಿನದಿಂದ ಬಾಯಿಗೆ ಬರಲಿಲ್ಲ, ಈಗ ಬರುತ್ತಿದೆ, ಫೋಟೊ ಇದೇ ಇರಲಿ ದೀಪಕ್, ಕೆಳಗೆ ದೊಡ್ಡದಾಗಿ ಬರಿ, ಹದಿನಾಲ್ಕು ಜನಕ್ಕೆ ಇದೊಂದೇ ಜೊತೆ ಗ್ಲೌಸು, ಫೋಟೊಕ್ಕೆ ಮಾತ್ರ ಕೊಟ್ಟಿದ್ದು, ನನ್ನ ತಮ್ಮ ಬರಿಗೈಲಿ ಸತ್ತ, ಅಕ್ಕ, ಶ್ರದ್ಧಾಂಜಲಿಲಿ ಹಿಂಗೆಲ್ಲ ಯಾರೂ ಹಾಕ್ಸಲ್ಲ ಎನ್ನುತ್ತಾನೆ ಅವನು, ನಾನು ಹಾಕಿಸ್ತೀನಿ, ಬರಿ — ದೀಪಕನ ಬೆರಳು ಕೀಲಿಮಣೆಯ ಮೇಲೆ ನಿಂತಿದೆ, ಒತ್ತುತ್ತಿಲ್ಲ, ಅವನೂ ಅವರ ಕಡೆಯವನೋ, ಬರೀ ಹೆದರಿದ್ದಾನೋ, ಎಳೆಯ ಬೆರಳು, ಏನೂ ತೊಡದ ಬೆರಳು, ಬರಿಬೆರಳು, ಬರಿ —