ಮಾವನವರ ಹೆಸರಿನ ಬೆಂಚು

ನಮ್ಮ ಯಜಮಾನರು ಶಿವಬಸಪ್ಪನವರಿಗೆ ಸಹಿಸಲಾಗದ ವಿಷಯ ಒಂದೇ ಒಂದು: ಯಾರ ಅಪ್ಪಣೆಯೂ ಇಲ್ಲದೆ ಜನ ಸುಖವಾಗಿರುವುದು. ಸರ್ಕಾರಿ ಕಚೇರಿಯಲ್ಲಿ ಸೂಪರಿಂಟೆಂಡೆಂಟ್ ಆಗಿದ್ದವರು, ಸಂಜೆ ಮನೆಗೆ ಬಂದ ಮೇಲೂ ಆ ಕೆಲಸ ಬಿಡುತ್ತಿರಲಿಲ್ಲ. ಬಸವೇಶ್ವರನಗರದಲ್ಲಿ ನಾವು ಮನೆ ಕಟ್ಟಿಸಿದ ಮರುವರ್ಷವೇ ಬಡಾವಣೆಯ ನಾಗರಿಕರ ಸಂಘ ಹುಟ್ಟಿತು, ಇವರು ಅಧ್ಯಕ್ಷರಾದರು. ಬೇರೆ ಯಾರಿಗೂ ಪುರುಸೊತ್ತಿರಲಿಲ್ಲ. ಇವರು ಅದನ್ನು ಅವಿರೋಧ ಆಯ್ಕೆ ಎಂದು ಇಂದಿಗೂ ಹೇಳಿಕೊಳ್ಳುತ್ತಾರೆ.

ನಮ್ಮ ಮನೆಯ ಎದುರಿಗೆ, ಕುರುಬರಹಳ್ಳಿಯಿಂದ ಬಸ್ ಸ್ಟಾಪಿಗೆ ಹೋಗುವ ಕಾಲುದಾರಿಯ ಪಕ್ಕ, ಪಾರ್ಕಿಗೆಂದು ಬಿಟ್ಟ ಖಾಲಿ ಜಾಗವಿತ್ತು. ಅಲ್ಲೊಂದು ಹೊಂಗೆ ಮರ. ಮರದ ಕೆಳಗೆ, ಚರಂಡಿ ಮುಚ್ಚಲೆಂದು ಯಾವನೋ ಕಂಟ್ರಾಕ್ಟರು ತಂದು ಹಾಕಿ ಮರೆತೇಹೋದ ಕಲ್ಲು ಚಪ್ಪಡಿಗಳ ರಾಶಿ. ಪಕ್ಕದಲ್ಲಿ ಬೀದಿ ನಲ್ಲಿ. ಇಷ್ಟೇ ಅಲ್ಲಿದ್ದ ವೈಭವ. ಚಪ್ಪಡಿಗಳು ಅಡ್ಡಾದಿಡ್ಡಿ ಬಿದ್ದಿದ್ದರಿಂದ ಒಬ್ಬರು ಮೇಲೆ, ಒಬ್ಬರು ಕೆಳಗೆ, ಒಬ್ಬರ ಮುಖ ಇನ್ನೊಬ್ಬರಿಗೆ ಕಾಣುವಂತೆ ಕೂರಬಹುದಿತ್ತು. ಗಂಡಸರೆಲ್ಲ ಆಫೀಸಿಗೆ ಹೋಗಿ, ಒಲೆ ಆರಿದ ಮೇಲೆ ಹನ್ನೊಂದು ಗಂಟೆಯ ಸುಮಾರಿಗೆ ಸುತ್ತಲಿನ ಹೆಂಗಸರೆಲ್ಲ ಅಲ್ಲಿ ಸೇರುತ್ತಿದ್ದರು. ಅಕ್ಕಿ ಆರಿಸುವವರು, ಹುರುಳಿಕಾಯಿ ಬಿಡಿಸುವವರು, ಏನೂ ಮಾಡದೆ ಬರೀ ಮಾತಾಡುವವರು. ನಾನು ಮೂರನೇ ಗುಂಪು.

ನಮ್ಮ ಅತ್ತೆ ಬಸವ್ವ ಬೆಂಗಳೂರಿನಲ್ಲಿ ಉಳಿದದ್ದೇ ಆ ಕಲ್ಲುಗಳ ಪುಣ್ಯದಿಂದ. ಮಾವ ಜಂಬಣ್ಣನವರು ಲಿಂಗೈಕ್ಯರಾದ ಮೇಲೆ ಇವರು ಹಟ ಹಿಡಿದು ತಾಯಿಯನ್ನು ರಾಣೆಬೆನ್ನೂರು ಕಡೆಯ ಊರಿನಿಂದ ಕರೆತಂದಿದ್ದರು. ಊರಿನಲ್ಲಿ ನನ್ನ ಮೈದುನನ ತುಂಬಿದ ಸಂಸಾರವಿತ್ತು. ಆದರೂ ಅವ್ವ ಹಿರಿಯ ಮಗನ ಹತ್ತಿರವೇ ಇರಬೇಕು ಎಂಬುದು ಇವರ ಆಸೆ. ಆ ಆಸೆ ನಿಜವಾದದ್ದು, ಅದನ್ನು ನಾನು ಆಡಿಕೊಳ್ಳುವುದಿಲ್ಲ. ಆದರೆ ಬಂದ ಹೊಸತರಲ್ಲಿ ಅತ್ತೆ ದಿನವಿಡೀ ಕಿಟಕಿಯ ಬಳಿ ಕೂತು, ವಾರಕ್ಕೊಮ್ಮೆ ತಮ್ಮ ಟ್ರಂಕಿಗೆ ಸೀರೆ ತುಂಬುತ್ತಿದ್ದರು.

"ಕಮಲಾ, ನಿಮ್ಮ ಬೆಂಗಳೂರಾಗ ಮಂದಿ ಬಾಗಿಲಾ ತಗ್ಯೋದು ಹಾಲಿಗೆ ಅಷ್ಟ ಏನ?" ಎಂದು ನನ್ನನ್ನು ಕೇಳುತ್ತಿದ್ದರು.

ಒಂದು ದಿನ ಸೊಪ್ಪು ಮಾರುವ ಮುನಿತಾಯಮ್ಮ ಕಿಟಕಿಯ ಹೊರಗೆ ನಿಂತು ಅತ್ತೆಯನ್ನು ಮಾತಾಡಿಸಿದಳು. ಮಾರನೆಯ ದಿನ ಅತ್ತೆ ಚಪ್ಪಡಿಯ ಮೇಲಿದ್ದರು. ಅತ್ತೆಯ ಮಾತು ಅವಳಿಗೆ ಅರ್ಧ ತಿಳಿಯುತ್ತಿರಲಿಲ್ಲ, ಅವಳದು ಅತ್ತೆಗೆ ಅರ್ಧ ತಿಳಿಯುತ್ತಿರಲಿಲ್ಲ. ಜಗಳವಾಡಲು ಅಷ್ಟು ಸಾಕಾಗಿತ್ತು. ರೊಟ್ಟಿ ಮೇಲೋ ಮುದ್ದೆ ಮೇಲೋ ಎಂದು ಶುರುವಾದ ವಾದ ಮಳೆಗಾಲ ಮುಗಿದರೂ ಮುಗಿಯಲಿಲ್ಲ. ಟ್ರಂಕು ಮಂಚದ ಕೆಳಗೆ ಸೇರಿತು. ಅತ್ತೆಯ ನಗು ನಮ್ಮ ಅಡುಗೆಮನೆಗೆ ಕೇಳಿಸುತ್ತಿತ್ತು.

ಇದೆಲ್ಲ ಇವರ ಕಣ್ಣಿಗೆ ಬಿದ್ದದ್ದು ಒಂದು ರಜಾ ದಿನ. ಹನ್ನೊಂದು ಗಂಟೆಗೆ ಕಾಂಪೌಂಡಿನ ಹೊರಗೆ ನಿಂತು ನೋಡಿದರೆ, ಅಧ್ಯಕ್ಷರ ಹೆತ್ತ ತಾಯಿ ಚರಂಡಿ ಕಲ್ಲಿನ ಮೇಲೆ ಕಾಲು ಇಳಿಬಿಟ್ಟು ಕೂತು, ಬಾಯಿತುಂಬ ಎಲೆಯಡಿಕೆ ಹಾಕಿಕೊಂಡು, ಸೊಪ್ಪಿನವಳ ತೊಡೆಗೆ ಬಡಿದು ನಗುತ್ತಿದ್ದಾರೆ.

"ಅವ್ವ ಕೂರೋ ಜಾಗಾನಾ ಅದು?" ಎಂದರು ಒಳಗೆ ಬಂದು. "ನಾನು ಬದುಕಿದ್ದೂ ಅವ್ವನಿಗೆ ಒಂದು ಗೌರವದ ಜಾಗ ಮಾಡಿಕೊಡಲಿಲ್ಲ ಅಂದ್ರೆ ಏನು ಪ್ರಯೋಜನ?"

"ಅವರು ಚೆನ್ನಾಗೇ ಇದಾರಲ್ರೀ" ಎಂದೆ.

"ನಿನಗೆ ಗೊತ್ತಾಗಲ್ಲ ಬಿಡು" ಎಂದರು. ಸಂಘದ ಎಲ್ಲ ದೊಡ್ಡ ನಿರ್ಧಾರಗಳೂ ಈ ಮಾತಿನಿಂದಲೇ ಶುರುವಾಗುತ್ತಿದ್ದವು.

ಮುಂದಿನದು ಚಕಚಕನೆ ನಡೆಯಿತು. ಚಪ್ಪಡಿಗಳನ್ನು ಲಾರಿಗೆ ಹೇರಿ ಮಲ್ಲತ್ತಹಳ್ಳಿ ಕಡೆ ಎಲ್ಲೋ ಸುರಿದು ಬಂದರು. ಬೀದಿ ನಲ್ಲಿಯಿಂದ ಕೆಸರಾಗುತ್ತದೆ ಎಂದು ಅದನ್ನು ಮುಂದಿನ ಅಡ್ಡರಸ್ತೆಗೆ ಹಾಕಿಸಿದರು. ಹೊಂಗೆ ಮರ ಎಲೆ ಉದುರಿಸುತ್ತದೆ ಎಂಬ ಆರೋಪ ಸಭೆಯಲ್ಲಿ ಸಾಬೀತಾಗಿ, ಮರವನ್ನು ಕಡಿದು, ಅದರ ಬದಲಿಗೆ ಸಾಲಾಗಿ ಅಶೋಕ ಗಿಡಗಳನ್ನು ನೆಟ್ಟರು. ಅವು ತಮ್ಮ ನೆರಳನ್ನು ಸಹ ತಮ್ಮ ಕಾಲ ಕೆಳಗೇ ಇಟ್ಟುಕೊಳ್ಳುವಂಥವು. ಸುತ್ತ ಕಬ್ಬಿಣದ ಬೇಲಿ, ಗೇಟು, ಗೇಟಿಗೆ ಬೀಗ. ಬೀಗ ತೆಗೆಯುವುದು ಬೆಳಿಗ್ಗೆ ಆರರಿಂದ ಎಂಟು, ಸಂಜೆ ಐದರಿಂದ ಏಳು. ಮನೆಯ ಹೆಂಗಸರಿಗೆ ಉಸಿರಾಡಲು ಬಿಡುವಿಲ್ಲದ ಹೊತ್ತುಗಳನ್ನು ಇಷ್ಟು ಕರಾರುವಾಕ್ಕಾಗಿ ಹುಡುಕುವುದು ಸಣ್ಣ ಕೆಲಸವಲ್ಲ. ನಡುವೆ ಕಾರಂಜಿ ಕಟ್ಟಿಸಿದರು, ನೀರಿನ ಕನೆಕ್ಷನ್ ಆಮೇಲೆ ನೋಡಿಕೊಳ್ಳೋಣ ಎಂದರು.

ಇನ್ನು ಬೆಂಚುಗಳು. ಒಂದೊಂದು ಮನೆಯವರು ಒಂದೊಂದು ಸಿಮೆಂಟು ಬೆಂಚು ಕೊಡುವುದು, ಅದರ ಮೇಲೆ ಆ ಮನೆಯ ತೀರಿಕೊಂಡ ಹಿರಿಯರ ಹೆಸರು ಬರೆಸುವುದು ಎಂದಾಯಿತು. ದೇವಸ್ಥಾನದ ಟ್ಯೂಬ್‌ಲೈಟಿನ ಮೇಲೂ ಹೆಸರು ಬರೆಸುವ ಜನ ನಾವು, ಬೆಂಚನ್ನು ಬಿಡುತ್ತೇವೆಯೇ? ಎಲ್ಲಿ ಬರೆಸಬೇಕು ಎಂಬುದಕ್ಕೆ ನಮ್ಮ ಹಜಾರದಲ್ಲಿ ಎರಡು ಸಭೆ ನಡೆದವು, ಕಾಫಿ ಮಾಡಿದವಳು ನಾನೇ. ಒರಗುವ ಕಡೆ ಬರೆಸಿದರೆ ಕೂತವರ ಬೆನ್ನು ಅಡ್ಡ ಬರುತ್ತದೆ ಎಂದು ಒಬ್ಬರು ಹೇಳಿದರು. ಎಲ್ಲರಿಗೂ ಹೌದೆನ್ನಿಸಿತು. ಹಾಗಾದರೆ ಕೂರುವ ಜಾಗದಲ್ಲೇ ದೊಡ್ಡದಾಗಿ ಬರೆಸೋಣ, ಕೂರುವವರು ಮೊದಲು ಅಲ್ಲೇ ತಾನೆ ನೋಡುವುದು ಎಂದು ಇವರು ತೀರ್ಪು ಕೊಟ್ಟರು. ಕೂತ ಮೇಲೆ ಏನು ಅಡ್ಡ ಬರುತ್ತದೆ ಎಂದು ಯಾರೂ ಕೇಳಲಿಲ್ಲ.

ಉದ್ಘಾಟನೆಯ ದಿನ ಶಾಮಿಯಾನ, ಮೈಕು, ಹಾರ ಎಲ್ಲ ಇದ್ದವು. ಇವರು ಅತ್ತೆಯ ಕೈ ಹಿಡಿದು ಮೊದಲನೇ ಬೆಂಚಿನ ಹತ್ತಿರ ಕರೆತಂದರು. ಕೆಂಪು ಬೆಂಚು, ಕಪ್ಪು ಅಕ್ಷರ. ಅತ್ತೆಗೆ ಓದು ಬರುವುದಿಲ್ಲವಾದ್ದರಿಂದ ಇವರೇ ಗಟ್ಟಿಯಾಗಿ ಓದಿದರು: "ಲಿಂಗೈಕ್ಯ ಜಂಬಣ್ಣನವರ ಸ್ಮರಣಾರ್ಥ." ಆಮೇಲೆ ಹೇಳಿದರು: "ಅಪ್ಪನ ಹೆಸರು ಅವ್ವಾ. ನಿನಗಂತಲೇ ಮಾಡಿಸಿದ್ದು. ಮೊದಲು ನೀನು ಕೂಡಬೇಕು."

ಅತ್ತೆ ಅಕ್ಷರಗಳನ್ನೇ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಚಪ್ಪಲಿ ಬಿಟ್ಟು, ಸೆರಗು ಹೊದ್ದು, ಗದ್ದುಗೆಗೆ ಮಾಡುವಂತೆ ಬೆಂಚಿಗೆ ಹಣೆ ಮುಟ್ಟಿಸಿ ನಮಸ್ಕಾರ ಮಾಡಿದರು.

"ಕೂಡವ್ವಾ, ಫೋಟೋದವರು ಕಾಯ್ತಿದಾರೆ."

"ಏನ್ ಮಾತಂತ ಆಡ್ತಿಯೋ ಶಿವಬಸೂ?" ಎಂದರು ಅತ್ತೆ. "ಆತನ ಹೆಸರು ಬಾಯಾಗ ಸೈತ ತಗೊಂಡಾಕಿ ಅಲ್ಲ ನಾನು. ಅದರ ಮ್ಯಾಲೆ ಹೆಂಗ ಕುಂಡರ್ಲಿ?"

ಮೈಕು ಹತ್ತಿರದಲ್ಲೇ ಇತ್ತು, ಎಲ್ಲರಿಗೂ ಕೇಳಿಸಿತು. ಎರಡನೇ ಬೆಂಚು ಕೊಡಿಸಿದ್ದ ಪಕ್ಕದ ಮನೆಯ ವಿಮಲಮ್ಮ ಆಗಷ್ಟೇ ತಮ್ಮ ಮಾವನವರ ಮೇಲೆ ಕೂತಿದ್ದರು, ದಡಕ್ಕನೆ ಎದ್ದರು. ಅವತ್ತು ಎದ್ದವರು ಮತ್ತೆ ಕೂರಲಿಲ್ಲ. ತಮ್ಮ ಮನೆಯ ಹಿರಿಯರ ಮೇಲೆ ತಾವು ಕೂರುವಂತಿಲ್ಲ, ಪಕ್ಕದ ಮನೆಯ ಹಿರಿಯರ ಮೇಲೆ ಕೂತರೆ ಪಕ್ಕದ ಮನೆಯವರು ನೋಡುತ್ತಾರೆ. ಸಾಲು ಬೆಂಚುಗಳು ಬಡಾವಣೆಯ ಹಿರಿಯರಿಗೇ ಮೀಸಲಾದವು. ಅಮಾವಾಸ್ಯೆಯ ದಿನ ಯಾರೋ ಒಂದೆರಡು ಬೆಂಚಿಗೆ ವಿಭೂತಿ ಹಚ್ಚಿ ಹೂವಿಟ್ಟು ಹೋಗಿದ್ದರು. ಇವರು ಸಂಘದಿಂದ ಎಚ್ಚರಿಕೆಯ ಬೋರ್ಡು ಹಾಕಿಸಿದರು: ಬೆಂಚುಗಳಿಗೆ ಪೂಜೆ ನಿಷೇಧಿಸಿದೆ.

ಬೀಗದ ಕೈ ನಮ್ಮ ಹಜಾರದ ಮೊಳೆಯಲ್ಲೇ ತೂಗುತ್ತಿತ್ತು. ಇವರು ಆಫೀಸಿಗೆ ಹೋದ ಮೇಲೆ ಒಂದು ದಿನ ನಾನೇ ಗೇಟು ತೆಗೆದು ಅತ್ತೆಯನ್ನು ಒಳಗೆ ಕರೆದೊಯ್ದೆ. ಬೆಂಚು ಬೇಡ, ನೆಲದ ಮೇಲೇ ಕೂತರಾಯಿತು ಎಂದುಕೊಂಡರೆ, ಬಿಸಿಲಿಗೆ ನೆಲ ಕಾದಿತ್ತು. ಮುನಿತಾಯಮ್ಮ ಬುಟ್ಟಿ ಹೊತ್ತು ಬಂದು ಗೇಟಿನಲ್ಲೇ ನಿಂತಳು.

"ಬಾ ಒಳಗೆ" ಎಂದೆ.

"ಬ್ಯಾಡ ಕಣಮ್ಮ. ಮಾರೋರು ಬರಂಗಿಲ್ಲ ಅಂತ ನಿಮ್ಮ ಯಜಮಾನ್ರೇ ಬರೆಸವ್ರಂತೆ. ಒಳಗ್ ಬಂದ್ರೂ ಯಾರ್ನೋ ನೋಡಕ್ಕೆ ಆಸ್ಪತ್ರೆಗ್ ಬಂದಂಗ್ ಆಯ್ತದೆ."

ಅತ್ತೆಯೂ ಅವಳೂ ಬೇಲಿಯ ಎರಡು ಕಡೆ ಕಂಬಿ ಹಿಡಿದು ನಿಂತು ಒಂದಷ್ಟು ಮಾತಾಡಿದರು. ನಿಂತು ಎಷ್ಟು ಹೊತ್ತು ಜಗಳವಾಡಲು ಸಾಧ್ಯ? ನಲ್ಲಿ ದೂರ ಹೋದ ಮೇಲೆ ನೀರಿಗೆ ಬರುತ್ತಿದ್ದ ಕುರುಬರಹಳ್ಳಿಯ ಹೆಂಗಸರು ಈ ದಾರಿ ಬಿಟ್ಟರು, ಗಿರಾಕಿ ಇಲ್ಲದೆ ಮುನಿತಾಯಮ್ಮನೂ ಬಿಟ್ಟಳು. ಮನೆಗೇ ಕರೆದು ಕೂರಿಸುತ್ತೇನೆಂದು ನಾನು ಹೇಳಿ ಕಳಿಸಿದೆ. ಅವಳು ಒಮ್ಮೆ ಬಂದು, ಹಜಾರದ ಮೂಲೆಯಲ್ಲಿ ಕುಕ್ಕರುಗಾಲಿನಲ್ಲಿ ಕೂತು, ಮೊಸಾಯಿಕ್ ನೆಲ ಕೊಳೆಯಾದೀತೆಂದು ಸೀರೆ ಎತ್ತಿ ಹಿಡಿದುಕೊಂಡೇ ಕಾಫಿ ಕುಡಿದು ಹೋದಳು. ಚಪ್ಪಡಿಯ ಮೇಲೆ ಅವಳು ಯಾರ ಮನೆಗೂ ಬಂದವಳಾಗಿರಲಿಲ್ಲ.

ಅಷ್ಟರಲ್ಲಿ ಸುತ್ತಲಿನ ಬಡಾವಣೆಗಳ ಒಕ್ಕೂಟದವರು ಪರಿಶೀಲನೆಗೆ ಬಂದರು. ಕಸವಿಲ್ಲ, ಗದ್ದಲವಿಲ್ಲ, ಒಂದು ಬೆಂಚಿಗೂ ಗೀರು ಬಿದ್ದಿಲ್ಲ ಎಂದು ಬೆರಗಾಗಿ ನಮ್ಮ ಪಾರ್ಕಿಗೆ ಮೊದಲ ಬಹುಮಾನದ ಶೀಲ್ಡು ಕೊಟ್ಟರು. ಇವರು ಅದನ್ನು ಎದೆಗವಚಿಕೊಂಡು ತಂದ ಸಂಜೆ ಅತ್ತೆ ಮಂಚದ ಕೆಳಗಿನಿಂದ ಟ್ರಂಕು ಎಳೆಯುತ್ತಿದ್ದರು.

"ಏನು ಕಡಿಮೆ ಮಾಡಿದೀನವ್ವಾ ನಿನಗೆ?" ಎಂದು ಇವರು ಶೀಲ್ಡು ಹಿಡಿದುಕೊಂಡೇ ಕೇಳಿದರು.

"ಏನೂ ಕಡಿಮಿ ಮಾಡಿಲ್ಲಪ್ಪ. ಭಾಳ ಮಾಡೀದಿ" ಎಂದರು ಅತ್ತೆ. "ಊರಿಗೆ ಕಳಸು."

ಎರಡು ದಿನ ಇವರು ಊಟ ಸರಿಯಾಗಿ ಮಾಡಲಿಲ್ಲ. ಕಾರಂಜಿಗೆ ನೀರು ಬಿಡಿಸುತ್ತೇನೆ ಎಂದರು, ಬೆಂಚಿಗೆ ಬಣ್ಣ ಹೊಡೆಸಿ ಹೆಸರು ಮುಚ್ಚಿಸುತ್ತೇನೆ ಎಂದರು. ಅಪ್ಪನ ಹೆಸರಿಗೆ ಬಣ್ಣ ಬಳಿಯುವ ಮಾತು ಕೇಳಿ ಅತ್ತೆ ಇನ್ನೊಂದು ಸೀರೆ ಮಡಚಿಟ್ಟರು. ಕೊನೆಗೆ ಆಟೋ ಮಾಡಿಕೊಂಡು ಮೂವರೂ ಮೆಜೆಸ್ಟಿಕ್ಕಿಗೆ ಹೋದೆವು. ಹುಬ್ಬಳ್ಳಿ ಬಸ್ಸು ಆಗಲೇ ತುಂಬಿತ್ತು. ಅತ್ತೆಗೆ ಆರಾಮಾಗಲೆಂದು ಇವರು ಕಂಡಕ್ಟರನ್ನು ಗೋಗರೆದು ಮುಂದೆ ಒಂಟಿ ಸೀಟು ಬಿಡಿಸಿಕೊಟ್ಟರು. ಅತ್ತೆ ಅದನ್ನು ದಾಟಿಕೊಂಡು ಹಿಂದೆ ಹೋದರು. ಮೂವರು ಕೂರುವ ಸೀಟಿನಲ್ಲಿ ಇಬ್ಬರು ಹೆಂಗಸರು, ಒಂದು ಮಗು, ಒಂದು ಬುಟ್ಟಿ ಇದ್ದವು.

"ಸರೀರವ್ವಾ ಒಂಚೂರು" ಎಂದು ನಡುವೆ ತೂರಿಕೊಂಡರು.

ಬಸ್ಸು ಹೊರಡುವ ಹೊತ್ತಿಗೆ ಇವರು ಕಿಟಕಿಯ ಕೆಳಗೆ ಹೋಗಿ ನಿಂತರು. "ಅವ್ವಾ" ಎಂದರು, ಕೈ ಬೀಸಿದರು, ಬಸ್ಸು ತಿರುಗುವವರೆಗೂ ಬೀಸುತ್ತಲೇ ಇದ್ದರು. ಅತ್ತೆ ನೋಡಲಿಲ್ಲ. ಯಾರದೋ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು, ಪಕ್ಕದವಳ ಬುಟ್ಟಿಗೆ ಕೈ ಹಾಕಿ ಏನೋ ತೆಗೆದು ತೋರಿಸುತ್ತಾ, ಜೋರಾಗಿ ಜಗಳ ಶುರುಮಾಡಿದ್ದರು.